ಕೇಂದ್ರ ಬಜೆಟ್ ಓದುವುದು ಹೇಗೆ: ಭಾಷಣ ಪಕ್ಕಕ್ಕಿಡಿ, ಆ ನಾಲ್ಕು ಕಾಲಂ ನೋಡಿ

ಫೆಬ್ರವರಿ 1ರ ಬೆಳಿಗ್ಗೆ 11 ಗಂಟೆಗೆ ಹಣಕಾಸು ಸಚಿವರು ಎದ್ದು ನಿಂತರೆ ಸಾಕು, ರಾತ್ರಿಯವರೆಗೂ ಟಿವಿಯಲ್ಲಿ ಅದೇ ಮಾತು. ಯಾವುದು ಅಗ್ಗ, ಯಾವುದು ದುಬಾರಿ, ಸಂಬಳದವರಿಗೆ ಎಷ್ಟು ತೆರಿಗೆ ಉಳಿಯಿತು. ಮಾರನೇ ದಿನದ ಪೇಪರಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ "ವಿತ್ತೀಯ ಕೊರತೆ ಜಿಡಿಪಿಯ ಶೇ 4.4" ಎಂದು ಇರುತ್ತದೆ. ಖರ್ಚಿಗೆ ಆದಾಯ ಸಾಲದೆ ಸಾಲ ಮಾಡಿ ತುಂಬುವ ಹಣವೇ ವಿತ್ತೀಯ ಕೊರತೆ, ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ ಬೆಲೆಯೇ ಜಿಡಿಪಿ. ಆ ಸಾಲನ್ನು ಓದದೆ ಮುಂದೆ ಹೋಗಿಬಿಡುತ್ತೇವೆ. ಆದರೆ ಉಳಿದದ್ದೆಲ್ಲ ನಿಂತಿರುವುದು ಆ ಸಾಲಿನ ಮೇಲೆಯೇ. ಸರ್ಕಾರ ಎಷ್ಟು ಸಾಲ ಮಾಡುತ್ತಿದೆ, ಯಾತಕ್ಕೆ ಮಾಡುತ್ತಿದೆ, ಹೋದ ವರ್ಷ ಹೇಳಿದ ಮಾತು ಉಳಿಸಿಕೊಂಡಿದೆಯಾ, ಎಲ್ಲವೂ ಅಲ್ಲಿಂದಲೇ ಶುರು.

ಇದನ್ನು ಓದಲು ಅರ್ಥಶಾಸ್ತ್ರದ ಡಿಗ್ರಿ ಬೇಡ. ಕೂಡುವುದು, ಕಳೆಯುವುದು, ಭಾಗಿಸುವುದು ಗೊತ್ತಿದ್ದರೆ ಆಯಿತು. ಫೋನಿನ ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಳ್ಳಿ. ಉದಾಹರಣೆಗೆ 2025-26ರ ಬಜೆಟ್ ತೆಗೆದುಕೊಳ್ಳುತ್ತೇನೆ. ಅಂದರೆ ನಿರ್ಮಲಾ ಸೀತಾರಾಮನ್ 2025ರ ಫೆಬ್ರವರಿ 1ರಂದು ಮಂಡಿಸಿದ್ದು. ಈ ಒಂದನ್ನು ಓದಲು ಬಂದರೆ ಬೇರೆ ವರ್ಷದ್ದೂ ಓದಬಹುದು, ಪಟ್ಟಿಯ ಚೌಕಟ್ಟು ಹೆಚ್ಚುಕಡಿಮೆ ಅದೇ.

ಯಾವ ಪುಸ್ತಕ ತೆರೆಯಬೇಕು

ಇಂಡಿಯಾಬಜೆಟ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಎಲ್ಲ ಪುಸ್ತಕಗಳೂ ಪುಕ್ಕಟೆ ಸಿಗುತ್ತವೆ. ಭಾಷಣ ಮುಗಿದ ಸ್ವಲ್ಪ ಹೊತ್ತಿಗೆ ಅಲ್ಲಿ ಹಾಕಿರುತ್ತಾರೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇವೆ, ಕನ್ನಡದಲ್ಲಿ ಇಲ್ಲ. ದೇಶದ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ಕೊಡಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ, ಅದು ಆಗಲೇಬೇಕು. ಸದ್ಯಕ್ಕೆ ನಮಗೆ ಬೇಕಾದ ಪುಟದಲ್ಲಿ ಅಂಕಿಗಳೇ ಜಾಸ್ತಿ, ಹಾಗಾಗಿ ಹೆದರಬೇಡಿ.

ಹತ್ತು ಹದಿನೈದು ಕಡತ ಕಾಣಿಸುತ್ತವೆ. ಮೊದಲು ಒಂದನ್ನೇ ತೆರೆಯಿರಿ: ಬಜೆಟ್ ಅಟ್ ಎ ಗ್ಲಾನ್ಸ್. ಚಿಕ್ಕ ಪುಸ್ತಕ. ಅದರ ಮೊದಲಲ್ಲೇ ಅದೇ ಹೆಸರಿನ, 18 ಸಾಲುಗಳ ಒಂದು ಪಟ್ಟಿ ಇದೆ. ಎಲ್ಲ ಅಂಕಿಗಳೂ ಕೋಟಿ ರೂಪಾಯಿಯಲ್ಲಿ. ಸಂವಿಧಾನದ 112ನೇ ವಿಧಿ ಕೇಳುವ ವಾರ್ಷಿಕ ಹಣಕಾಸು ವಿವರಣೆ, ಸಚಿವಾಲಯವಾರು ಅನುದಾನ ಬೇಡಿಕೆಗಳು, ತೆರಿಗೆ ಬದಲಾವಣೆಯ ಹಣಕಾಸು ಮಸೂದೆ, ಇವೆಲ್ಲ ಆಮೇಲೆ. ಭಾಷಣವನ್ನು ಎಲ್ಲಕ್ಕಿಂತ ಕೊನೆಗೆ ಓದಿ. ಭಾಷಣದಲ್ಲಿ ಸರ್ಕಾರ ತಾನು ಹೇಳಬೇಕೆಂದುಕೊಂಡದ್ದನ್ನು ಹೇಳುತ್ತದೆ. ಪಟ್ಟಿಯಲ್ಲಿ ಹೇಳಲೇಬೇಕಾದ್ದನ್ನು ಹೇಳುತ್ತದೆ.

ನಾಲ್ಕು ಕಾಲಂ

ಸಾಲುಗಳಿಗಿಂತ ಮೊದಲು ಕಾಲಂ ಅರ್ಥ ಮಾಡಿಕೊಳ್ಳಿ, ಏಕೆಂದರೆ ಜನ ಎಡವುವುದು ಇಲ್ಲೇ. 2025-26ರ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಹೀಗಿದೆ: 2023-24ರ ವಾಸ್ತವ ಲೆಕ್ಕ, 2024-25ರ ಬಜೆಟ್ ಅಂದಾಜು, 2024-25ರ ಪರಿಷ್ಕೃತ ಅಂದಾಜು, 2025-26ರ ಬಜೆಟ್ ಅಂದಾಜು.

ಬಜೆಟ್ ಅಂದಾಜು ಎಂದರೆ ಇಷ್ಟು ಬರುತ್ತದೆ, ಇಷ್ಟು ಖರ್ಚು ಮಾಡುತ್ತೇವೆ ಎಂಬ ಮಾತು. ಪರಿಷ್ಕೃತ ಅಂದಾಜು ಎಂದರೆ ವರ್ಷ ಮುಗಿಯಲು ಎರಡು ತಿಂಗಳಿರುವಾಗ ಆ ಮಾತನ್ನು ತಿದ್ದಿ ಹೇಳಿದ್ದು. ವಾಸ್ತವ ಲೆಕ್ಕ ಎಂದರೆ ನಿಜಕ್ಕೂ ಆದದ್ದು, ಆದರೆ ಅದು ಒಂದು ವರ್ಷ ತಡವಾಗಿ ಬರುತ್ತದೆ. ಟಿವಿಯಲ್ಲಿ ಕೇಳುವುದು ಬರೀ ನಾಲ್ಕನೇ ಕಾಲಂ. ನೀವು ನಾಲ್ಕನ್ನೂ ಅಡ್ಡಕ್ಕೆ ಓದಿ. ಒಂದು ಯೋಜನೆಗೆ ಎಷ್ಟು ಇಟ್ಟರು ಎನ್ನುವುದಕ್ಕಿಂತ, ಹೋದ ಸಲ ಇಟ್ಟದ್ದರಲ್ಲಿ ಎಷ್ಟು ಖರ್ಚಾಯಿತು ಎನ್ನುವುದು ಯಾವಾಗಲೂ ಹೆಚ್ಚು ಹೇಳುತ್ತದೆ.

ಜಲ ಜೀವನ ಮಿಷನ್ ನೋಡಿ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಯೋಜನೆ. 2024-25ರ ಬಜೆಟ್‌ನಲ್ಲಿ ಅದಕ್ಕೆ ಇಟ್ಟದ್ದು 70,163 ಕೋಟಿ. ಅದೇ ವರ್ಷದ ಪರಿಷ್ಕೃತ ಅಂದಾಜು 22,694 ಕೋಟಿ. ಮೂರನೇ ಒಂದು ಭಾಗಕ್ಕೂ ಕಡಿಮೆ! 2025-26ಕ್ಕೆ ಮತ್ತೆ 67,000 ಕೋಟಿ ಇಟ್ಟರು. ನಾಲ್ಕನೇ ಕಾಲಂ ಮಾತ್ರ ನೋಡಿದವರಿಗೆ ಇದು ಭರ್ಜರಿ ಅನುದಾನ. ಹೋದ ವರ್ಷದ ಪರಿಷ್ಕೃತ ಅಂದಾಜಿಗೆ ಹೋಲಿಸಿದವರಿಗೆ ಮೂರು ಪಟ್ಟು ಏರಿಕೆ. ಮೂರನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ, ಎಷ್ಟೋ ಊರುಗಳಲ್ಲಿ ಕೆಲಸ ಯಾಕೆ ನಿಂತಿದೆ ಎಂಬ ಪ್ರಶ್ನೆ ಹುಟ್ಟುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಉದ್ಯೋಗ ಖಾತ್ರಿಗೆ 2023-24ರಲ್ಲಿ ಮೊದಲು ಇಟ್ಟದ್ದು 60,000 ಕೋಟಿ. ಜನ ಕೆಲಸ ಕೇಳಿಕೊಂಡು ಬಂದರು, ಪರಿಷ್ಕೃತ ಅಂದಾಜು 86,000 ಕೋಟಿಗೆ ಏರಿತು.

ಕೊರತೆಯನ್ನು ನೀವೇ ಲೆಕ್ಕ ಹಾಕಿ

ಈಗ ಸಾಲುಗಳಿಗೆ ಬನ್ನಿ. ಪಟ್ಟಿಯ 17ನೇ ಸಾಲು ವಿತ್ತೀಯ ಕೊರತೆ. ಅದರ ಪಕ್ಕದಲ್ಲೇ ಸೂತ್ರ ಬರೆದಿದ್ದಾರೆ: 9ನೇ ಸಾಲಿನಿಂದ 1, 5 ಮತ್ತು 6ನೇ ಸಾಲುಗಳನ್ನು ಕಳೆಯಿರಿ. ಅಷ್ಟೇ.

9ನೇ ಸಾಲು ಒಟ್ಟು ಖರ್ಚು: 50,65,345 ಕೋಟಿ. 1ನೇ ಸಾಲು ರಾಜಸ್ವ ಆದಾಯ, ಅಂದರೆ ರಾಜ್ಯಗಳ ಪಾಲು ಕೊಟ್ಟ ಮೇಲೆ ಉಳಿಯುವ ತೆರಿಗೆ ಮತ್ತು ತೆರಿಗೆಯಲ್ಲದ ಇತರ ಆದಾಯ: 34,20,409 ಕೋಟಿ. 5ನೇ ಸಾಲು ಸರ್ಕಾರ ಹಿಂದೆ ಕೊಟ್ಟ ಸಾಲ ವಾಪಸ್ ಬಂದದ್ದು: 29,000 ಕೋಟಿ. 6ನೇ ಸಾಲು ಮುಖ್ಯವಾಗಿ ಸರ್ಕಾರಿ ಕಂಪನಿಗಳ ಷೇರು ಮಾರಿದ ಹಣ: 47,000 ಕೋಟಿ. ಮೂರೂ ಕೂಡಿದರೆ 34,96,409 ಕೋಟಿ. ಇದು ಸಾಲವಿಲ್ಲದೆ ಕೈಗೆ ಬರುವ ಹಣ. ಖರ್ಚಿನಿಂದ ಇದನ್ನು ಕಳೆಯಿರಿ, ಉಳಿಯುವುದು 15,68,936 ಕೋಟಿ. ಇಷ್ಟೂ ಸಾಲ ಮಾಡಿ ತರಬೇಕಾದ್ದು. ಈಗ 7ನೇ ಸಾಲಿನಲ್ಲಿರುವ ಸಾಲದ ಮೊತ್ತ ನೋಡಿ, ಕರಾರುವಾಕ್ಕಾಗಿ ಅದೇ ಅಂಕಿ.

ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಒಟ್ಟು ಆದಾಯ ಎಂಬ 8ನೇ ಸಾಲು ಒಟ್ಟು ಖರ್ಚಿಗೆ ಸರಿಸಮ ಇದೆಯಲ್ಲ, ಹಾಗಾದರೆ ಕೊರತೆ ಎಲ್ಲಿದೆ ಎಂದು ಕೇಳುತ್ತಾರೆ. ಸಮ ಇರುವುದು ಸಾಲವನ್ನೂ ಆದಾಯದ ಕಡೆ ಸೇರಿಸಿರುವುದರಿಂದ.

ಶೇಕಡಾವಾರು ಬರುವುದು ಹೇಗೆ? 15,68,936ನ್ನು ಆ ವರ್ಷದ ಜಿಡಿಪಿ ಅಂದಾಜಿನಿಂದ ಭಾಗಿಸಿ. ಪಟ್ಟಿಯ ಕೆಳಗಿನ ಟಿಪ್ಪಣಿಯಲ್ಲಿ ಅದು ಇದೆ: 3,56,97,923 ಕೋಟಿ. ಉತ್ತರ ಶೇ 4.4.

ಭಾಗಿಸುವ ಅಂಕಿಯ ಮೇಲೂ ಒಂದು ಕಣ್ಣಿರಲಿ

2024-25ರ ಪರಿಷ್ಕೃತ ಅಂದಾಜಿನಲ್ಲಿ ಕೊರತೆ 15,69,527 ಕೋಟಿ, ಜಿಡಿಪಿಯ ಶೇ 4.8. 2025-26ರ ಬಜೆಟ್‌ನಲ್ಲಿ 15,68,936 ಕೋಟಿ, ಶೇ 4.4. ಎರಡನ್ನೂ ಇನ್ನೊಮ್ಮೆ ನೋಡಿ. ರೂಪಾಯಿ ಲೆಕ್ಕದಲ್ಲಿ ಇಳಿದದ್ದು ಬರೀ 591 ಕೋಟಿ, ಐವತ್ತು ಲಕ್ಷ ಕೋಟಿಯ ಬಜೆಟ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆದರೂ ಶೇಕಡಾವಾರು 0.4 ಇಳಿಯಿತು. ಯಾಕೆಂದರೆ ಜಿಡಿಪಿ, ಬೆಲೆ ಏರಿಕೆಯೂ ಸೇರಿ, ಶೇ 10.1ರಷ್ಟು ಬೆಳೆಯುತ್ತದೆ ಎಂದು ಅಂದಾಜು ಮಾಡಿದ್ದರು.

ಇದರಲ್ಲಿ ಮೋಸವಿಲ್ಲ. ಎಲ್ಲ ದೇಶಗಳೂ ಹೀಗೇ ಅಳೆಯುತ್ತವೆ, ಸಾಲ ತೀರಿಸುವ ತಾಕತ್ತು ದೇಶದ ಒಟ್ಟು ದುಡಿಮೆಯಿಂದಲೇ ಬರಬೇಕಾದ್ದರಿಂದ ಹಾಗೆ ಅಳೆಯುವುದು ಸರಿಯೂ ಹೌದು. ಆದರೆ ಆ ಬೆಳವಣಿಗೆ ಶೇ 10.1ರ ಬದಲು ಶೇ 8 ಆದರೆ ಏನಾಗುತ್ತದೆ? ಸರ್ಕಾರ ಒಂದು ರೂಪಾಯಿ ಜಾಸ್ತಿ ಸಾಲ ಮಾಡದಿದ್ದರೂ ಕೊರತೆ ಸುಮಾರು ಶೇ 4.5 ಆಗುತ್ತದೆ. ಬೆಳವಣಿಗೆ ಕಡಿಮೆಯಾದರೆ ತೆರಿಗೆಯೂ ಕಡಿಮೆ ಬರುತ್ತದೆ, ಅದು ಬೇರೆ ಹೊಡೆತ. ಅದಕ್ಕೇ ಪ್ರತಿ ಬಜೆಟ್‌ನಲ್ಲೂ ಆ ಟಿಪ್ಪಣಿ ಹುಡುಕಿ, ಎಷ್ಟು ಬೆಳವಣಿಗೆ ಊಹಿಸಿದ್ದಾರೆ ನೋಡಿ. ಅದು ಅತಿಯಾಸೆಯದ್ದು ಅನ್ನಿಸಿದರೆ ಕೊರತೆಯ ಅಂಕಿಯನ್ನೂ ಅಷ್ಟೇ ಅನುಮಾನದಿಂದ ನೋಡಬೇಕು.

ಕೊರತೆ ಇಳಿದರೆ ಯಾವುದನ್ನು ಕತ್ತರಿಸಿ ಇಳಿಸಿದರು?

ಕೊರತೆ ಕಡಿಮೆಯಾಯಿತು ಎಂದ ಕೂಡಲೇ ಚಪ್ಪಾಳೆ ತಟ್ಟುವ ಅಭ್ಯಾಸ ಬಿಡಬೇಕು. 2024-25ರ ಬಜೆಟ್ ಅಂದಾಜಿನಲ್ಲಿ ಕೊರತೆ 16,13,312 ಕೋಟಿ ಇತ್ತು, ಪರಿಷ್ಕೃತ ಅಂದಾಜಿನಲ್ಲಿ 15,69,527 ಕೋಟಿಗೆ ಬಂತು. ಸುಮಾರು 43,800 ಕೋಟಿ ಇಳಿಕೆ, ಶೇ 4.9ರಿಂದ 4.8. ಒಳ್ಳೆಯ ಸುದ್ದಿ ಅಲ್ವಾ? ಈಗ 13ನೇ ಸಾಲಿಗೆ ಹೋಗಿ, ಅದು ಬಂಡವಾಳ ವೆಚ್ಚ. ರಸ್ತೆ, ರೈಲು ಮಾರ್ಗ, ಸೇನೆಯ ಉಪಕರಣ, ಇಂಥದ್ದು. ಅಂದಾಜಿನಲ್ಲಿ 11,11,111 ಕೋಟಿ ಇದ್ದದ್ದು ಪರಿಷ್ಕೃತದಲ್ಲಿ 10,18,429 ಕೋಟಿ. ಅಂದರೆ 92,682 ಕೋಟಿ ಕಡಿಮೆ. ಕೊರತೆ ಇಳಿದದ್ದರ ಎರಡು ಪಟ್ಟಿಗಿಂತ ಹೆಚ್ಚು ಬಂಡವಾಳ ವೆಚ್ಚ ಇಳಿಯಿತು! ಆ ವರ್ಷ ಲೋಕಸಭಾ ಚುನಾವಣೆ ಇತ್ತು, ಪೂರ್ಣ ಬಜೆಟ್ ಬಂದದ್ದೇ ಜುಲೈ 23ಕ್ಕೆ, ಕೆಲಸಗಳು ನಿಧಾನವಾದವು. ಕಾರಣ ಅರ್ಥವಾಗುತ್ತದೆ. ಆದರೂ ಸಂಬಳ, ಪಿಂಚಣಿ, ಬಡ್ಡಿಗೆ ಕೈ ಹಚ್ಚಲು ಆಗುವುದಿಲ್ಲ, ಹಾಗಾಗಿ ಕೊರತೆ ಇಳಿಸಬೇಕಾದಾಗೆಲ್ಲ ಕತ್ತರಿ ಮೊದಲು ಬೀಳುವುದು ಮುಂದೆ ಫಲ ಕೊಡುವ ಕೆಲಸಗಳಿಗೇ. ಕೊರತೆಯ ಸಾಲು ನೋಡಿದ ತಕ್ಷಣ 13ನೇ ಸಾಲನ್ನೂ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು 15ನೇ ಸಾಲು, ರಾಜಸ್ವ ಕೊರತೆ. ದಿನನಿತ್ಯದ ಖರ್ಚನ್ನು ದಿನನಿತ್ಯದ ಆದಾಯದಿಂದ ತೂಗಿಸಲು ಆಗದೆ ಉಳಿದದ್ದು ಇದು. ಹಸು ಕೊಳ್ಳಲು ಮಾಡಿದ ಸಾಲ ಬೇರೆ, ದಿನಸಿ ಅಂಗಡಿಯಲ್ಲಿ ಬರೆಸಿದ ಸಾಲ ಬೇರೆ. 2025-26ರಲ್ಲಿ ರಾಜಸ್ವ ಕೊರತೆ 5,23,846 ಕೋಟಿ, ಜಿಡಿಪಿಯ ಶೇ 1.5. ಅಂದರೆ ಮಾಡುವ ಪ್ರತಿ ಮೂರು ರೂಪಾಯಿ ಸಾಲದಲ್ಲಿ ಒಂದು ರೂಪಾಯಿ ನಿತ್ಯದ ಖರ್ಚಿಗೇ ಹೋಗುತ್ತದೆ. ಕೊರತೆ ಬಗ್ಗೆ ಜಗಳ ಆಡುವುದಾದರೆ ಈ ಅಂಕಿಯ ಬಗ್ಗೆ ಆಡಿ, ಅದು ಸೊನ್ನೆಯತ್ತ ಹೋಗುತ್ತಿದೆಯಾ ಕೇಳಿ. ಕೇಂದ್ರದ ಹಣದಿಂದ ರಾಜ್ಯಗಳಲ್ಲಿ ಕಟ್ಟುವ ಮನೆ, ನೀರಿನ ಪೈಪ್ ಮುಂತಾದವು ಕೇಂದ್ರದ ಆಸ್ತಿಯಲ್ಲ, ಆದ್ದರಿಂದ ಆ ಅನುದಾನ 4,27,192 ಕೋಟಿಯನ್ನು ಲೆಕ್ಕದಲ್ಲಿ ನಿತ್ಯದ ಖರ್ಚಿಗೇ ಸೇರಿಸುತ್ತಾರೆ. ಅದನ್ನು ಬಿಟ್ಟು ಲೆಕ್ಕ ಹಾಕಿದ್ದು 16ನೇ ಸಾಲಿನಲ್ಲಿದೆ, 96,654 ಕೋಟಿ. ಸರ್ಕಾರಕ್ಕೆ ಈ ಸಾಲು ಇಷ್ಟ. ಎರಡನ್ನೂ ನೋಡಿ, ಮೊದಲಿನದನ್ನು ಮರೆಯಬೇಡಿ.

ಹಾಗೆಯೇ ಬಂಡವಾಳ ವೆಚ್ಚದ 11,21,090 ಕೋಟಿಯೂ ಪೂರ್ತಿ ಕೇಂದ್ರವೇ ಕಟ್ಟುವ ಕೆಲಸ ಅಲ್ಲ. ಅದರಲ್ಲಿ 1.5 ಲಕ್ಷ ಕೋಟಿ ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲವಾಗಿ ಕೊಡಲು ಇಟ್ಟದ್ದು.

ಬಡ್ಡಿಯ ಸಾಲು

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಎದೆಗೆ ನಾಟುವ ಸಾಲು 11ನೆಯದು. ಬಡ್ಡಿ ಪಾವತಿ 12,76,338 ಕೋಟಿ. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಸುಮಾರು 3,500 ಕೋಟಿ. ಭಾನುವಾರ, ಹಬ್ಬ ಎಲ್ಲ ಸೇರಿ. ಸರ್ಕಾರದ ರಾಜಸ್ವ ಆದಾಯದಲ್ಲಿ ಪ್ರತಿ 100 ರೂಪಾಯಿಗೆ 37 ರೂಪಾಯಿ ಹಳೆಯ ಸಾಲದ ಬಡ್ಡಿಗೇ ಹೋಗುತ್ತದೆ. ಅದೂ ಅಸಲು ಅಲ್ಲ, ಬರೀ ಬಡ್ಡಿ. ಶಾಲೆ, ಆಸ್ಪತ್ರೆ, ಗೊಬ್ಬರದ ಸಬ್ಸಿಡಿ, ಸೈನಿಕರ ಸಂಬಳ, ಎಲ್ಲಕ್ಕೂ ಉಳಿದ 63 ರೂಪಾಯಿ ಮತ್ತು ಹೊಸ ಸಾಲವೇ ಗತಿ.

ವಿತ್ತೀಯ ಕೊರತೆಯಿಂದ ಬಡ್ಡಿಯನ್ನು ಕಳೆದರೆ 18ನೇ ಸಾಲು ಸಿಗುತ್ತದೆ, ಪ್ರಾಥಮಿಕ ಕೊರತೆ: 2,92,598 ಕೋಟಿ, ಶೇ 0.8. ಈ ವರ್ಷದ ಸರ್ಕಾರ ತಾನೇ ಹೊಸದಾಗಿ ಸೃಷ್ಟಿಸಿದ ಕೊರತೆ ಎಷ್ಟು, ಹಳೆಯ ಸಾಲದ ಹೊರೆ ಎಷ್ಟು ಎಂಬುದು ಇದರಿಂದ ಬೇರೆಯಾಗುತ್ತದೆ. ಕೊರತೆಯಲ್ಲಿ ಐದರಲ್ಲಿ ನಾಲ್ಕು ಭಾಗ ಬಡ್ಡಿಯದ್ದೇ ಎಂದು ಗೊತ್ತಾದ ಮೇಲೆ, "ಬೇರೆ ಪಕ್ಷ ಬಂದಿದ್ದರೆ ಸಾಲವೇ ಇರುತ್ತಿರಲಿಲ್ಲ" ಎಂಬ ಮಾತನ್ನು ಯಾವ ಪಕ್ಷದವರು ಹೇಳಿದರೂ ನಂಬಲು ಕಷ್ಟ.

ರೂಪಾಯಿಯ ಚಿತ್ರ ನೋಡುವಾಗ ಎಚ್ಚರ

ಪೇಪರಿನಲ್ಲಿ ಪ್ರತಿ ವರ್ಷ ಬರುವ ಆ ದುಂಡನೆಯ ಚಿತ್ರ ಗೊತ್ತಲ್ಲ, ರೂಪಾಯಿ ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ ಎಂದು. 2025-26ರದ್ದರಲ್ಲಿ ಸಾಲ 24 ಪೈಸೆ, ಬಡ್ಡಿ 20 ಪೈಸೆ. ಆದರೆ ಈಗಷ್ಟೇ ಮಾಡಿದ ಲೆಕ್ಕದಲ್ಲಿ 50.65 ಲಕ್ಷ ಕೋಟಿ ಖರ್ಚಿಗೆ 15.69 ಲಕ್ಷ ಕೋಟಿ ಸಾಲ. ಅದು ರೂಪಾಯಿಗೆ 31 ಪೈಸೆ ಆಗಬೇಕಲ್ಲ?

ಗುಟ್ಟು ಇಷ್ಟೇ. ಚಿತ್ರದಲ್ಲಿ ರಾಜ್ಯಗಳಿಗೆ ಕೊಡುವ ತೆರಿಗೆ ಪಾಲು 14.22 ಲಕ್ಷ ಕೋಟಿಯನ್ನೂ ಆದಾಯ ಮತ್ತು ಖರ್ಚು ಎರಡೂ ಕಡೆ ಸೇರಿಸುತ್ತಾರೆ. ಆಗ ಇಡೀ ರೂಪಾಯಿ 64.87 ಲಕ್ಷ ಕೋಟಿ ಆಗುತ್ತದೆ. ಅದರಲ್ಲಿ 15.69 ಅಂದರೆ 24 ಪೈಸೆ. ಲೆಕ್ಕ ಸುಳ್ಳಲ್ಲ. ಆದರೆ ಪಟ್ಟಿಯ ಒಟ್ಟು ಖರ್ಚಿನಲ್ಲಿ ಆ ಪಾಲು ಸೇರಿಲ್ಲ, ಹಾಗಾಗಿ ಆ ಖರ್ಚಿನ ಲೆಕ್ಕದಲ್ಲಿ ಸಾಲ 31 ಪೈಸೆ, ಬಡ್ಡಿ 25 ಪೈಸೆ. ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಒಂದು ಅಂಕಿ, ಇನ್ನೊಬ್ಬರು ಇನ್ನೊಂದು ಅಂಕಿ ಹಿಡಿದು ಜಗಳ ಆಡುತ್ತಿದ್ದರೆ ಇಬ್ಬರೂ ಸರಿ ಇರಬಹುದು.

ರಕ್ಷಣಾ ವೆಚ್ಚಕ್ಕೂ ಹೀಗೇ ಎರಡು ಅಂಕಿ ಓಡಾಡುತ್ತವೆ. ಪಿಂಚಣಿ ಮುಂತಾದವನ್ನೂ ಸೇರಿಸಿದರೆ 6.81 ಲಕ್ಷ ಕೋಟಿ, ಬಜೆಟ್ ಅಟ್ ಎ ಗ್ಲಾನ್ಸ್‌ನ ಖರ್ಚಿನ ಪಟ್ಟಿಯಲ್ಲಿ 4.91 ಲಕ್ಷ ಕೋಟಿ.

ನಮ್ಮ ಪಾಲು ಎಲ್ಲಿದೆ

ಕರ್ನಾಟಕದವರು ನೋಡಲೇಬೇಕಾದ ಪುಟ ಇನ್ನೊಂದಿದೆ. ರೆಸೀಟ್ ಬಜೆಟ್ ಎಂಬ ಪುಸ್ತಕದ ಅನುಬಂಧಗಳಲ್ಲಿ ಯಾವ ರಾಜ್ಯಕ್ಕೆ ಎಷ್ಟು ತೆರಿಗೆ ಪಾಲು ಎಂಬ ಪಟ್ಟಿ ಇರುತ್ತದೆ. 2025-26ಕ್ಕೆ ಕರ್ನಾಟಕದ ಸಾಲಿನಲ್ಲಿ ಸುಮಾರು 51,877 ಕೋಟಿ, ಒಟ್ಟು ಹಂಚಿಕೆಯ ಶೇ 3.647. ಇದು 15ನೇ ಹಣಕಾಸು ಆಯೋಗ, ಅಂದರೆ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಎಂದು ಹೇಳುವ ಆಯೋಗ, ನಿಗದಿ ಮಾಡಿದ ಪಾಲು. 14ನೇ ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು. ಇದೇ ಮೊತ್ತಕ್ಕೆ ಹಳೆಯ ಪಾಲು ಹಾಕಿದರೆ 67,000 ಕೋಟಿ ಆಗುತ್ತಿತ್ತು, ಅಂದರೆ ಒಂದೇ ವರ್ಷದಲ್ಲಿ 15,000 ಕೋಟಿಗೂ ಹೆಚ್ಚಿನ ವ್ಯತ್ಯಾಸ. ಬಡ ರಾಜ್ಯಗಳಿಗೆ ಜಾಸ್ತಿ ಕೊಡಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ, ಆದರೆ ಇಷ್ಟು ದೊಡ್ಡ ಇಳಿಕೆಯನ್ನು ಒಂದು ರಾಜ್ಯ ಆರು ವರ್ಷ ಹೊತ್ತುಕೊಂಡಿತು ಎಂಬುದು ಇಲ್ಲಿನ ಪ್ರತಿ ಮನೆಗೂ ಗೊತ್ತಿರಬೇಕು.

ಇನ್ನೊಂದು ಲೆಕ್ಕವನ್ನೂ ಮಾಡಿ. ಆಯೋಗ ಹೇಳಿದ್ದು ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಎಂದು. ಒಟ್ಟು ತೆರಿಗೆ 42,70,233 ಕೋಟಿ, ರಾಜ್ಯಗಳಿಗೆ ಹೋಗುವುದು 14,22,444 ಕೋಟಿ. ಭಾಗಿಸಿದರೆ ಶೇ 33 ಚಿಲ್ಲರೆ. ಉಳಿದದ್ದು ಎಲ್ಲಿ ಹೋಯಿತು? ಮುಖ್ಯವಾಗಿ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್‌ಗಳಿಂದ ಬರುವ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. ಪೆಟ್ರೋಲ್ ಹಾಕಿಸುವಾಗ ಕೊಡುವ ತೆರಿಗೆಯಲ್ಲಿ ದೊಡ್ಡ ಭಾಗ ಇಂಥದ್ದೇ.

ಭಾಷಣದ ಘೋಷಣೆಯನ್ನು ಬೆನ್ನು ಹತ್ತುವುದು ಹೇಗೆ ಎಂಬುದಕ್ಕೂ ನಮ್ಮದೇ ಉದಾಹರಣೆ ಇದೆ. 2023ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಕೇಂದ್ರದ ನೆರವು ಎಂದು ಹೇಳಿದ್ದರು. ಚಿತ್ರದುರ್ಗ, ತುಮಕೂರು ಕಡೆಯ ಜನಕ್ಕೆ ಅದು ಸಣ್ಣ ವಿಷಯವಲ್ಲ. ಅದರ ನಂತರ ಹಣ ಬಂದಿಲ್ಲ ಎಂದು ರಾಜ್ಯ ಸರ್ಕಾರ ಹೇಳುತ್ತಲೇ ಬಂದಿದೆ. ಇಂಥ ಘೋಷಣೆ ಕೇಳಿದರೆ ಮಾಡಬೇಕಾದ್ದು ಹೀಗೆ: ಎಕ್ಸ್‌ಪೆಂಡಿಚರ್ ಬಜೆಟ್ ಪುಸ್ತಕದಲ್ಲಿ ಆ ಸಚಿವಾಲಯದ ಅನುದಾನ ಬೇಡಿಕೆ ತೆರೆಯಿರಿ, ಇಲ್ಲಿ ಜಲಶಕ್ತಿ ಸಚಿವಾಲಯದ ಜಲಸಂಪನ್ಮೂಲ ಇಲಾಖೆಯದ್ದು. ಆ ಯೋಜನೆಗೆ ಅಥವಾ ಅದು ಸೇರಿರುವ ದೊಡ್ಡ ಯೋಜನೆಗೆ ಒಂದು ಸಾಲು ಇದೆಯಾ ನೋಡಿ. ಮುಂದಿನ ವರ್ಷದ ಪುಸ್ತಕದಲ್ಲಿ ಅದೇ ಸಾಲಿನ ಪರಿಷ್ಕೃತ ಅಂದಾಜು, ಅದರ ಮುಂದಿನ ವರ್ಷ ವಾಸ್ತವ ಲೆಕ್ಕ. ಭಾಷಣದಲ್ಲಿ ಕೇಳಿದ ಹಣ ಈ ಮೂರೂ ಕಡೆ ಕಾಣಬೇಕು. ಕಾಣದಿದ್ದರೆ ನಿಮ್ಮ ಸಂಸದರನ್ನು ಪುಟದ ಸಂಖ್ಯೆ ಸಮೇತ ಕೇಳಿ. ಪುಟ ತೋರಿಸಿ ಕೇಳುವ ಮತದಾರನಿಗೆ ಸುಮ್ನೆ ಏನೋ ಹೇಳಿ ಕಳಿಸಲು ಆಗುವುದಿಲ್ಲ.

ಈ ಸಾಲ ಯಾರು ಕೊಡುತ್ತಾರೆ

ವಿಶ್ವಬ್ಯಾಂಕ್ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಬಹುಪಾಲು ನಾವೇ. 2025-26ರಲ್ಲಿ ಸರ್ಕಾರ ಬಾಂಡ್, ಅಂದರೆ ಸಾಲಪತ್ರ, ಮಾರಿ ನಿವ್ವಳವಾಗಿ 11.54 ಲಕ್ಷ ಕೋಟಿ ಎತ್ತುವ ಅಂದಾಜು ಇತ್ತು. ಒಟ್ಟು ಎತ್ತುವುದು 14.82 ಲಕ್ಷ ಕೋಟಿ, ಮಧ್ಯದ ವ್ಯತ್ಯಾಸ ಹಳೆಯ ಬಾಂಡ್‌ಗಳ ಅಸಲು ತೀರಿಸಲು. ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕ್ ಹರಾಜು ಹಾಕುತ್ತದೆ. ಕೊಳ್ಳುವವರು ಬ್ಯಾಂಕ್‌ಗಳು, ವಿಮಾ ಕಂಪನಿಗಳು, ಪ್ರಾವಿಡೆಂಟ್ ಫಂಡ್‌ಗಳು, ಅಂದರೆ ನಿಮ್ಮ ಠೇವಣಿ, ನಿಮ್ಮ ಪಾಲಿಸಿ ಕಂತು, ನಿಮ್ಮ ಪಿಎಫ್. ಇದರ ಜೊತೆಗೆ ಸುಮಾರು 3.43 ಲಕ್ಷ ಕೋಟಿ ಸಣ್ಣ ಉಳಿತಾಯದಿಂದ: ಅಂಚೆ ಕಚೇರಿ ಠೇವಣಿ, ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ ಇತ್ಯಾದಿ. ಹೀಗಾಗಿ ಕೊರತೆ ಎಂಬುದು ದೆಹಲಿಯಲ್ಲಿ ಯಾರದೋ ತಲೆನೋವು ಅಲ್ಲ, ಸರ್ಕಾರ ಜಾಸ್ತಿ ಎತ್ತಿದರೆ ಉಳಿದವರಿಗೆ ಸಾಲದ ಬಡ್ಡಿ ಏರಬಹುದು.

ಸರ್ಕಾರ ನೋಟು ಪ್ರಿಂಟ್ ಮಾಡಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. 1997ರವರೆಗೆ ಬಹಳ ಮಟ್ಟಿಗೆ ಹಾಗೇ ನಡೆಯುತ್ತಿತ್ತು. ಹಣ ಕಡಿಮೆ ಬಿದ್ದಾಗ ರಿಸರ್ವ್ ಬ್ಯಾಂಕ್‌ಗೆ ಅಡ್‌ಹಾಕ್ ಟ್ರೆಜರಿ ಬಿಲ್ ಎಂಬ ಅಲ್ಪಾವಧಿ ಸಾಲಪತ್ರ ಕೊಟ್ಟು ಹಣ ಪಡೆಯುತ್ತಿದ್ದರು. ಬೆಲೆ ಏರಿಕೆಗೆ ಅದು ದಾರಿ ಮಾಡುತ್ತದೆಂದು ಆ ಪದ್ಧತಿ ನಿಲ್ಲಿಸಿದರು. 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು, ಶೇ 3ಕ್ಕೆ ಕೊರತೆ ಇಳಿಸಬೇಕು ಎಂದು. ಒಮ್ಮೆ 2007-08ರಲ್ಲಿ ಅದಕ್ಕಿಂತ ಕೆಳಗೂ ಬಂತು, ಮರುವರ್ಷವೇ ಜಾಗತಿಕ ಬಿಕ್ಕಟ್ಟಿನಲ್ಲಿ ಸುಮಾರು ಶೇ 6ಕ್ಕೆ ಹಾರಿತು. ಕೋವಿಡ್ ವರ್ಷ 2020-21ರಲ್ಲಿ ಅಂದಾಜು ಶೇ 3.5 ಇದ್ದದ್ದು ಕೊನೆಗೆ ಶೇ 9.2 ಆಯಿತು. ಕಷ್ಟಕಾಲದಲ್ಲಿ ಕೊರತೆ ಏರುವುದು ಸರಿಯೇ. ಜನರ ಕೈಯಲ್ಲಿ ಕೆಲಸ ಇಲ್ಲದಾಗ ಸರ್ಕಾರವೂ ಖರ್ಚು ನಿಲ್ಲಿಸಿದರೆ ಇನ್ನಷ್ಟು ಕೆಡುತ್ತದೆ.

2020-21ರ ಏರಿಕೆಯಲ್ಲಿ ಒಂದು ಭಾಗ ಹಳೆಯ ಮುಚ್ಚಿಟ್ಟ ಸಾಲ ಹೊರಗೆ ಬಂದದ್ದು. ಅದಕ್ಕೆ ಮೊದಲು ಪಡಿತರದ ಅಕ್ಕಿ ಗೋಧಿಯ ಸಬ್ಸಿಡಿಯಲ್ಲಿ ಒಂದಷ್ಟನ್ನು ಸರ್ಕಾರ ಕೊಡದೆ, ಭಾರತೀಯ ಆಹಾರ ನಿಗಮಕ್ಕೆ ಸಣ್ಣ ಉಳಿತಾಯ ನಿಧಿಯಿಂದ ಸಾಲ ಮಾಡಿಸುತ್ತಿತ್ತು. ಸಾಲ ನಿಗಮದ ಹೆಸರಿನಲ್ಲಿ, ಹಾಗಾಗಿ ಕೊರತೆಯಲ್ಲಿ ಕಾಣುತ್ತಿರಲಿಲ್ಲ. 2021ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿ ಲೆಕ್ಕಕ್ಕೆ ತಂದರು. ಕೋವಿಡ್ ಕಾಲದ ಉಚಿತ ಧಾನ್ಯವೂ ಸೇರಿ ಆ ವರ್ಷದ ಆಹಾರ ಸಬ್ಸಿಡಿ 1,15,570 ಕೋಟಿಯ ಅಂದಾಜಿನಿಂದ 4,22,618 ಕೋಟಿಯ ಪರಿಷ್ಕೃತ ಅಂದಾಜಿಗೆ ಹಾರಿತು. ಅಂಕಿ ಕೆಟ್ಟದಾಗಿ ಕಂಡರೂ ಅದು ಒಳ್ಳೆಯ ಕೆಲಸ, ಮೆಚ್ಚಬೇಕಾದ್ದು. ಬಜೆಟ್ ಹೊರಗಿನ ಸಾಲಕ್ಕೆ ಎಕ್ಸ್‌ಪೆಂಡಿಚರ್ ಪ್ರೊಫೈಲ್ ಪುಸ್ತಕದಲ್ಲಿ ಪ್ರತ್ಯೇಕ ಪಟ್ಟಿ ಇರುತ್ತದೆ, ಅದನ್ನೂ ಒಮ್ಮೆ ತಿರುವಿ ನೋಡಿ.

2026-27ರಿಂದ ಸರ್ಕಾರ ಕೊರತೆಗಿಂತ ಒಟ್ಟು ಸಾಲದ ಮೇಲೆ ಕಣ್ಣಿಡುವುದಾಗಿ ಹೇಳಿದೆ. 2031ರ ಮಾರ್ಚ್ ಹೊತ್ತಿಗೆ ಕೇಂದ್ರದ ಸಾಲ ಜಿಡಿಪಿಯ ಶೇ 50ರ ಆಸುಪಾಸಿಗೆ, ಒಂದು ಹೆಚ್ಚು ಅಥವಾ ಒಂದು ಕಡಿಮೆ, ಬರಬೇಕು. 2025-26ರ ಬಜೆಟ್‌ನಲ್ಲಿ ಅದು ಶೇ 56.1 ಎಂದು ಅಂದಾಜಿತ್ತು. ಹಾಗಾಗಿ ಇನ್ನು ಮುಂದೆ 17ನೇ ಸಾಲಿನ ಜೊತೆ ಈ ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

ಫೆಬ್ರವರಿ ಮುಗಿದ ಮೇಲೆ

ಬಜೆಟ್ ಒಂದು ದಿನದ ಹಬ್ಬ ಅಲ್ಲ. ಕಂಟ್ರೋಲರ್ ಜನರಲ್ ಆಫ್ ಅಕೌಂಟ್ಸ್ ಎಂಬ ಕಚೇರಿ ಪ್ರತಿ ತಿಂಗಳ ಕೊನೆಗೆ ಹಿಂದಿನ ತಿಂಗಳವರೆಗಿನ ಲೆಕ್ಕ ಹಾಕುತ್ತದೆ, ಅದರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಬಜೆಟ್ ಅಂದಾಜಿನ ಶೇಕಡಾ ಎಷ್ಟು ಆದಾಯ ಬಂತು, ಎಷ್ಟು ಖರ್ಚಾಯಿತು, ಕೊರತೆ ಎಷ್ಟು ತುಂಬಿತು, ಎಲ್ಲ ಒಂದೇ ಪುಟದಲ್ಲಿ.

ಇದನ್ನು ಓದುವಾಗ ಒಂದು ವಿಷಯ ನೆನಪಿರಲಿ. ಸರ್ಕಾರಕ್ಕೆ ಹಣ ತಿಂಗಳು ತಿಂಗಳು ಸಮವಾಗಿ ಬರುವುದಿಲ್ಲ. ಮುಂಗಡ ತೆರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕ್ ತನ್ನ ಲಾಭದ ಪಾಲನ್ನು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಕೊಡುತ್ತದೆ, 2025ರ ಮೇನಲ್ಲಿ ಕೊಟ್ಟದ್ದು 2,68,590 ಕೋಟಿ. ಬಜೆಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಸರ್ಕಾರಿ ಬ್ಯಾಂಕ್‌ಗಳೆಲ್ಲ ಸೇರಿ ಕೊಡುತ್ತವೆ ಎಂದು ಬರೆದಿದ್ದದ್ದೇ 2,56,000 ಕೋಟಿ! ಹಾಗಾಗಿ ಮೇ ತಿಂಗಳ ಲೆಕ್ಕ ಚೆನ್ನಾಗಿ ಕಂಡರೆ ಹಿಗ್ಗಬೇಡಿ, ನವೆಂಬರ್‌ನದ್ದು ಕೆಟ್ಟದಾಗಿ ಕಂಡರೆ ಗಾಬರಿಯಾಗಬೇಡಿ. ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ.

ಚಳಿಗಾಲದ ಅಧಿವೇಶನದಲ್ಲಿ ಪೂರಕ ಬೇಡಿಕೆಗಳು ಬರುತ್ತವೆ, ಮೊದಲು ಇಟ್ಟದ್ದು ಸಾಲದೆ ಸಂಸತ್ತಿನ ಹತ್ತಿರ ಮತ್ತೆ ಕೇಳುವ ಹಣ. ಯಾವ ಸಚಿವಾಲಯ ಕೇಳಿದೆ ಎಂದು ಒಂದು ಸಲ ನೋಡಿ. ಇನ್ನು ಮಾರ್ಚ್ ಎಂದರೆ ಕಚೇರಿಗಳಲ್ಲಿ ಹಣ ಮುಗಿಸುವ ಓಟ, ಅದನ್ನು ತಡೆಯಲು ಕೊನೆಯ ಮೂರು ತಿಂಗಳಲ್ಲಿ ವರ್ಷದ ಖರ್ಚಿನ ಶೇ 33, ಮಾರ್ಚ್ ಒಂದರಲ್ಲಿ ಶೇ 15 ಮೀರಬಾರದು ಎಂಬ ನಿಯಮ ಹಣಕಾಸು ಸಚಿವಾಲಯದ್ದೇ ಇದೆ. ಇಡೀ ವರ್ಷದ ತಾತ್ಕಾಲಿಕ ಲೆಕ್ಕ ಮೇ ಕೊನೆಗೆ ಬರುತ್ತದೆ. ಫೆಬ್ರವರಿಯ ಪರಿಷ್ಕೃತ ಅಂದಾಜನ್ನು ಅದರ ಪಕ್ಕದಲ್ಲಿಟ್ಟು, ಕೊರತೆ ಮತ್ತು ಬಂಡವಾಳ ವೆಚ್ಚದ ಎರಡು ಸಾಲುಗಳನ್ನಾದರೂ ತಾಳೆ ನೋಡಿ.